ಎರಡನೆಯ ಕಾರ್ಡು

ಕಳೆದ ಅಕ್ಟೋಬರಿನಲ್ಲಿ ರಾಯಚೂರಿನ ಸ್ಟೇಷನ್ ರಸ್ತೆಯ ಒಂದು ಝೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೆ. ಮರುದಿನದ ಶಿಕ್ಷಕರ ತರಬೇತಿಗೆ ಓದಿನ ಕಾರ್ಡುಗಳನ್ನು ಲ್ಯಾಮಿನೇಶನ್ ಮಾಡಿಸಬೇಕಿತ್ತು. ಯಂತ್ರದೊಳಗಿಂದ ಮೊದಲ ಕಾರ್ಡು ಹೊರಗೆ ಬಂತು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು, ಸಿಹಿ ಎನ್ನಲಾಗದ, ಸುಟ್ಟದ್ದು ಎಂದೂ ಹೇಳಲಾಗದ ವಾಸನೆ. ತಟ್ಟನೆ ನೆನಪಾದದ್ದು ಮಳೆ. ದೊಡ್ಡಿಯ ಶಾಲೆಯ ವರಾಂಡ, ತಗಡಿನ ಮೇಲೆ ಬೀಳುವ ಮಳೆಯ ಸದ್ದು, ಒಬ್ಬ ಹುಡುಗಿ, ಅವಳ ಕೈಯಲ್ಲಿ ಕಾರ್ಡು. ಅದರ ಬೆನ್ನಿಗೇ ಇನ್ನೊಂದು ನೆನಪಾಯಿತು: ಅದು ಮಾರ್ಚ್ ತಿಂಗಳು. ದೇವದುರ್ಗದ ಮಾರ್ಚಿನಲ್ಲಿ ಮಳೆ ಎಲ್ಲಿಂದ ಬರಬೇಕು?

"ತಡೀರಿ ಸರ, ಇನ್ನೂ ಬಿಸಿ ಅದಾವ, ಕೈ ಸುಡ್ತಾವ" ಎಂದು ಅಂಗಡಿಯವನು ಕಾರ್ಡುಗಳನ್ನು ತನ್ನ ಕಡೆ ಎಳೆದುಕೊಂಡ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಆದರೆ ಆ ಮಳೆಯನ್ನು ಅಲ್ಲಿಗೇ ಬಿಡಲು ಆಗಲಿಲ್ಲ.

ಸೋಂಕಿನ ಕಾಲದ ನಂತರ ಶಾಲೆಗಳು ಮತ್ತೆ ತೆರೆದ ವರ್ಷ ಅದು. ನಾನು ಮಾನ್ವಿಯವನು. ಹೈದರಾಬಾದಿನಲ್ಲಿ ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಇನ್ನೂ ಏನೋ ಓದಬೇಕೆಂದು ಹೊರಟು, ಓದಲಾಗದೆ ಊರಿಗೆ ಮರಳಿದ್ದೆ. ರಾಯಚೂರಿನಲ್ಲಿ ಕಚೇರಿ ಇದ್ದ ಒಂದು ಸಂಸ್ಥೆ ನನ್ನನ್ನು ದೇವದುರ್ಗ ತಾಲ್ಲೂಕಿಗೆ ಸಂಪನ್ಮೂಲ ವ್ಯಕ್ತಿಯೆಂದು ನೇಮಿಸಿಕೊಂಡಿತು. ಎರಡು ವರ್ಷ ಶಾಲೆ ಕಾಣದ ಮಕ್ಕಳು ನಾಲ್ಕನೇ, ಐದನೇ ತರಗತಿಗೆ ಬಂದು ಕೂತಿದ್ದರು. ಪುಸ್ತಕ ಐದನೆಯದು, ಓದು ಒಂದನೆಯದೂ ಅಲ್ಲ. ಅವರನ್ನು ತರಗತಿಯ ಮಟ್ಟದ ಓದಿಗೆ ತರಬೇಕು ಎಂಬುದು ಕೆಲಸ. ಪ್ರತಿ ಮಗುವನ್ನೂ ಒಂಟಿಯಾಗಿ ಕೂರಿಸಿ, ಕಾರ್ಡು ಕೊಟ್ಟು ಓದಿಸಿ, ಅಕ್ಷರ, ಪದ, ವಾಕ್ಯ, ಕಥೆ ಎಂಬ ನಾಲ್ಕು ಮಟ್ಟಗಳಲ್ಲಿ ಯಾವುದರಲ್ಲಿದೆ ಎಂದು ಗುರುತು ಹಾಕುವುದು. ತರಗತಿ ಮರೆತು ಮಟ್ಟದ ಪ್ರಕಾರ ಗುಂಪು ಮಾಡಿ ದಿನಕ್ಕೆ ಎರಡು ತಾಸು ಕಲಿಸುವುದು. ಮಾರ್ಚಿನಲ್ಲಿ ಮತ್ತೆ ಅಳೆಯುವುದು.

"ಹೈದರಾಬಾದಿನ್ಯಾಗ ಅಷ್ಟು ವರ್ಷ ಓದಿ ಈಗ ಅ ಆ ಇ ಈ ಕಲಸಾಕ ಹೊಂಟಿಯೇನೋ" ಎಂದು ಮಾನ್ವಿಯಲ್ಲಿ ಅವ್ವ ನಕ್ಕಳು. ಆ ನಗು ನನಗೆ ಅಷ್ಟೇನೂ ಚುಚ್ಚಲಿಲ್ಲ. ಚುಚ್ಚಿದ್ದು ಅಳತೆಯ ಮಾತು. ಮಕ್ಕಳ ಕಲಿಕೆಯನ್ನು ಖಾನೆಗಳಲ್ಲಿ ಹಿಡಿಯಲಾಗದು ಎಂದು ನಾನು ಎಂ.ಎ.ಯಲ್ಲಿ ಉದ್ದನೆಯ ಪ್ರಬಂಧ ಬರೆದವನು. ಅಂಥ ನಾನೇ ಖಾನೆಗಳಿದ್ದ ಹಾಳೆಗಳನ್ನು ಬೈಕಿನ ಚೀಲದಲ್ಲಿ ಹಾಕಿಕೊಂಡು ದೊಡ್ಡಿಗಳನ್ನು ಸುತ್ತತೊಡಗಿದೆ. ಒಳಗೊಳಗೆ ನಗುತ್ತಿದ್ದೆ. ಆ ನಗು ಒಂದು ಬಗೆಯ ಜಾಣತನ ಎಂದುಕೊಂಡಿದ್ದೆ.

ದೇವದುರ್ಗದ ಸುತ್ತ ಕುರಿ ಮೇಕೆ ಸಾಕುವವರ ಸಣ್ಣ ಸಣ್ಣ ವಸತಿಗಳಿವೆ. ಅವಕ್ಕೆ ದೊಡ್ಡಿ ಎನ್ನುತ್ತಾರೆ. ನನ್ನ ಪಾಲಿಗೆ ಬಂದ ಶಾಲೆಗಳಲ್ಲಿ ಒಂದು ಅಂಥ ದೊಡ್ಡಿಯ ಶಾಲೆ. ಎರಡು ಕೋಣೆ, ಮುಂದೆ ತಗಡು ಹೊದಿಸಿದ ವರಾಂಡ, ಐದನೆಯವರೆಗೆ ತರಗತಿ. ಆರನೆಯದಕ್ಕೆ ಮೂರು ಕಿಲೋಮೀಟರ್ ದೂರದ ಊರಿಗೆ ಹೋಗಬೇಕು. ಮುಖ್ಯ ಶಿಕ್ಷಕರು ಸದಾ ಯಾವುದೋ ಮೀಟಿಂಗಿನಲ್ಲಿರುತ್ತಿದ್ದರು. ಶಾಲೆ ನಡೆಸುತ್ತಿದ್ದವರು ಶಾಂತಮ್ಮ ಎಂಬ ಅತಿಥಿ ಶಿಕ್ಷಕಿ. ಪಕ್ಕದ ಊರಿನ ಕೂಲಿ ಕುಟುಂಬದವರು, ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಮೊದಲ ದಿನವೇ ನನ್ನ ಹಾಳೆಗಳನ್ನು ತಿರುಗಿಸಿ ನೋಡಿ, "ಸರ, ಇದ್ರಾಗ 'ಸಾಲಿಗೆ ಹೊತ್ತಾಗಿ ಬರೋವ್ರು' ಅಂತ ಒಂದು ಖಾನಿ ಇಲ್ರಿ?" ಎಂದರು.

"ಯಾಕ್ರಿ ಟೀಚರ್?"

"ಹುಲಿಗೆಮ್ಮ ಅಂತ ಒಬ್ಬಾಕಿ ಅದಾಳ. ಹನ್ನೊಂದಕ್ಕ ಬರ್ತಾಳ. ಕ್ರಾಸಿಂಗ್ ಮುಗಿಸ್ಕೊಂಡು."

ಕ್ರಾಸಿಂಗ್ ಎಂದರೆ ಬೀಜದ ಹತ್ತಿ ಹೊಲದ ಕೆಲಸ. ಒಂದು ತಳಿಯ ಗಂಡು ಹೂವನ್ನು ಕಿತ್ತು ಇನ್ನೊಂದು ತಳಿಯ ಹೂವಿಗೆ ಕೈಯಿಂದಲೇ ಪುಡಿ ಮುಟ್ಟಿಸಿ, ಮುಟ್ಟಿಸಿದ್ದರ ಗುರುತಿಗೆ ದಾರ ಕಟ್ಟುತ್ತಾರೆ. ಬೆಳಗಿನ ಹೊತ್ತಿನಲ್ಲೇ ಮುಗಿಸಬೇಕು. ಸಣ್ಣ ಬೆರಳುಗಳು ಬೇಕು, ಬಗ್ಗಿ ನಡೆಯುವ ಎತ್ತರ ಬೇಕು. ಹಾಗಾಗಿ ಹುಡುಗಿಯರು.

ಹನ್ನೊಂದಕ್ಕೆ ಹುಲಿಗೆಮ್ಮ ಬಂದಳು. ಹತ್ತು ವರ್ಷದ ತೆಳ್ಳನೆಯ ಹುಡುಗಿ. ಕಾರ್ಡು ಹಿಡಿದ ಅವಳ ಬೆರಳ ತುದಿಗಳೆಲ್ಲ ಹಳದಿ. ಲ್ಯಾಮಿನೇಶನ್ ಮೇಲೆ ಹತ್ತು ಹಳದಿ ಚುಕ್ಕೆ ಬಿದ್ದವು. ಅಕ್ಷರಗಳಲ್ಲಿ ಅರ್ಧ ಗುರುತು ಹಿಡಿದಳು, ಉಳಿದರ್ಧಕ್ಕೆ ನನ್ನ ಮುಖ ನೋಡಿದಳು. 'ಅಕ್ಷರ' ಎಂಬ ಖಾನೆಯಲ್ಲಿ ಗುರುತು ಹಾಕಿದೆ. ಎದ್ದು ಹೋಗುವಾಗ ಕಾರ್ಡನ್ನು ತನ್ನ ಲಂಗಕ್ಕೆ ಒರೆಸಿ, ಎರಡೂ ಕೈಯಿಂದ ಕೊಟ್ಟಳು.

ಮರುವಾರ ಅವಳ ತಾಯಿ ದುರುಗಮ್ಮನ ಮನೆಗೆ ಹೋದೆ. ಆಕೆ ಮೇಕೆಗಳಿಗೆ ಜಾಲಿ ಸೊಪ್ಪು ಹಾಕುತ್ತಿದ್ದಳು.

"ಯಕ್ಕಾ, ಹುಲಿಗೆಮ್ಮನ್ನ ಹತ್ತಕ್ಕ ಸಾಲಿಗೆ ಕಳಸ್ರಿ" ಎಂದೆ.

"ಐದು ವರ್ಷ ಕಳಸೀನಲ್ರಿ ಸರ. ಏನ್ ಕಲಿಸೀರಿ? ರೇಷನ್ ಅಂಗಡಿ ಮುಂದ ಅಂಟಿಸಿದ ಚೀಟಿ ಓದಬೇ ಅಂದ್ರ ಗ್ವಾಡಿ ನೋಡ್ಕೊಂತ ನಿಂದರ್ತಾಳ. ಮ್ಯಾಕಿನ್ನ ಕಳಿಸಿದ್ರ ಆ ಚೀಟಿ ತಿಂದಾದ್ರೂ ಬರ್ತಿತ್ತು."

ನಾನು ನಕ್ಕೆ. ಆಕೆ ನಗಲಿಲ್ಲ.

"ಒಂದ್ ಮಾತು ಹೇಳ್ತೀನಿ ಕೇಳ್ರಿ. ಈ ವರ್ಷಕ್ಕ ಐದು ಮುಗಿತದ. ಅಷ್ಟ್ರಾಗ ಓದಾಕ ಬಂತಂದ್ರ ನಾನೇ ಕೈ ಹಿಡಕೊಂಡು ಹೋಗಿ ಆ ಊರ ಸಾಲಿಗೆ ಹಚ್ಚಿ ಬರ್ತೀನಿ. ಬರ್ಲಿಲ್ಲಂದ್ರ ಆಕಿ ಹೊಲ, ಆಕಿ ಹೂವು. ಆದ್ರ ಬಂದದೋ ಇಲ್ಲೋ ನೀವೇ ಹೇಳ್ಬೇಕು. ನನಗೇನ್ ತಿಳಿತದ? ಆಕಿ ಪುಸ್ತಕ ತಲಿಕೆಳಗ ಹಿಡದು ಏನಾರ ಒದರಿದ್ರೂ ನಾನು ಹೌದ್ ಅಂತೀನಿ."

"ನಾನೇ ಹೇಳ್ತೀನಿ ಯಕ್ಕಾ."

"ಖರೇನ ಹೇಳ್ಬೇಕ್ರಿ ಮತ್ತ."

ಈ ಮಾತುಗಳು ಹೀಗೆಯೇ ನಡೆದವೇ? 'ಖರೇನ ಹೇಳ್ಬೇಕು' ಎಂದು ಆಕೆ ನಿಜವಾಗಿ ಅಂದಳೋ, ಅಥವಾ ಆಮೇಲೆ ನಾನೇ ಆಕೆಯ ಬಾಯಲ್ಲಿ ಇಟ್ಟೆನೋ ಎಂದು ಈಗ ಅನುಮಾನ. ನನ್ನ ನೆನಪಿಗೆ ಮಾತುಗಳನ್ನು ತಿದ್ದುವ ಚಟವಿದೆ. ಆದರೆ ಆಕೆ ನಗದಿದ್ದುದು ನಿಜ. ನನ್ನನ್ನೇ ತೀರ್ಪುಗಾರನನ್ನಾಗಿ ಮಾಡಿದ್ದೂ ನಿಜ.

ಅಂದಿನಿಂದ ಅವಳು ಹತ್ತೂವರೆಗೆ ಬರತೊಡಗಿದಳು. ಹೊಲದಿಂದ ಓಡಿಯೇ ಬರುತ್ತಿದ್ದಳು ಎಂದು ಶಾಂತಮ್ಮ ಟೀಚರ್ ಹೇಳಿದರು. ದಸರಾ ಹೊತ್ತಿಗೆ ಅಕ್ಷರಗಳು ಗಟ್ಟಿಯಾದವು. ದೀಪಾವಳಿ ಕಳೆದ ಮೇಲೆ ಸಣ್ಣ ಪದಗಳು. ನಾನು ವಾರಕ್ಕೆ ಎರಡು ದಿನ ಹೋಗುತ್ತಿದ್ದೆ. ನಿಜವಾಗಿ ಕಲಿಸಿದವರು ಟೀಚರ್. ನಾನು ಗೋಡೆಗೆ ಒರಗಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ.

ಒತ್ತಕ್ಷರದ ಹತ್ತಿರ ಇಡೀ ಗುಂಪು ನಿಂತುಬಿಟ್ಟಿತು. ಬೋರ್ಡಿನ ಮೇಲೆ 'ಅಕ್ಕ' ಎಂದು ಬರೆದು ಟೀಚರ್ ಮೂರು ದಿನ ಹೇಳಿಸಿದರು. ಮಕ್ಕಳು ಮೇಲಿನದನ್ನು ಓದಿ ಕೆಳಗಿನದನ್ನು ಬಿಟ್ಟುಬಿಡುತ್ತಿದ್ದರು. ನಾಲ್ಕನೆಯ ದಿನ ಹುಲಿಗೆಮ್ಮ ಎದ್ದು ನಿಂತಳು.

"ಟೀಚರ್, ಮ್ಯಾಲಿಂದು ತಾಯಿ, ಕೆಳಗಿಂದು ಮರಿ ಏನ್ರಿ?"

"ಹೆಂಗಬೇ?"

"ಮರಿ ಕೆಳಗ ಬಂದು ನಿಂತ್ರ ತಾಯಿ ಒತ್ತಿ ಒದರ್ತದಲ್ರಿ. ಒಂದೇ ಇದ್ರ ಸುಮ್ಮ ಒದರ್ತದ."

ಟೀಚರ್ ನನ್ನ ಕಡೆ ನೋಡಿದರು. ಆಮೇಲೆ ಬೋರ್ಡಿನ ಮೇಲೆ 'ಪುಸ್ತಕ' ಎಂದು ಬರೆದರು. "ಇದ್ರಾಗ ತಾಯಿ ಒಂದು, ಮರಿ ಬ್ಯಾರೆದು ಅದಲ್ಲ?"

ಹುಲಿಗೆಮ್ಮ ಒಂದು ಕ್ಷಣ ಯೋಚಿಸಿದಳು. "ತಬ್ಬಲಿ ಮರಿ ಅದ್ರಿ ಅದು. ಬ್ಯಾರೆ ತಾಯಿ ಕೆಳಗ ಬಿಟ್ಟಾರ. ಎರಡೂ ಒದರ್ತಾವ."

ಕೋಣೆಯ ತುಂಬ ಮಕ್ಕಳು ಮೇಕೆಯಂತೆ ಒದರಿದರು. ಹೊರಗಿನಿಂದ ಒಂದು ನಿಜವಾದ ಮೇಕೆಯೂ ಉತ್ತರ ಕೊಟ್ಟಿತು. ಆ ವಾರ ಮುಗಿಯುವಷ್ಟರಲ್ಲಿ ಗುಂಪಿನ ಬಹುತೇಕ ಮಕ್ಕಳು ಒತ್ತಕ್ಷರ ದಾಟಿದರು. ತಾಯಿ ಯಾವುದು, ಮರಿ ಯಾವುದು ಎಂದು ಕೇಳಿದರೆ ಸಾಕು, ನಾಲಿಗೆ ತಿರುಗುತ್ತಿತ್ತು. ಹುಲಿಗೆಮ್ಮ ಮಾತ್ರ ನಿಧಾನ. ದಾರಿ ತೋರಿಸಿದವಳು ಅವಳೇ, ಆದರೆ ಅರ್ಧ ತಾಸು ತಡವಾಗಿ ಬರುವವಳಿಗೆ ಪ್ರತಿದಿನ ಅರ್ಧ ತಾಸಿನ ಓದು ತಪ್ಪುತ್ತಿತ್ತು. ಜನವರಿಯ ಹೊತ್ತಿಗೆ ಒಂದು ವಾಕ್ಯವನ್ನು ಬೆರಳಿಟ್ಟು, ಉಸಿರು ಕಟ್ಟಿ, ಒಂದೊಂದೇ ಪದ ಎತ್ತಿ ಇಡುವಂತೆ ಓದುತ್ತಿದ್ದಳು. "ಇನ್ನೆರಡು ತಿಂಗಳು ಸಾಕ್ರಿ ಸರ, ಈಕಿ ಹಾರಿ ಹೋಗ್ತಾಳ" ಎಂದರು ಟೀಚರ್.

ತಾಯಿ-ಮರಿಯ ಮಾತನ್ನು ನಾನು ರಾಯಚೂರಿನ ತಿಂಗಳ ಸಭೆಯಲ್ಲಿ ಹೇಳಿದೆ. ಜಿಲ್ಲಾ ಸಂಯೋಜಕರು ಕುರ್ಚಿಯಿಂದ ಅರ್ಧ ಎದ್ದರು. "ವ್ಹಾ! ಇದನ್ನ ಬರ್ದು ಕೊಡ್ರಿ, ಮಾಡ್ಯೂಲಿನ್ಯಾಗ ಹಾಕೋಣ" ಎಂದರು. ಬರೆದುಕೊಟ್ಟೆ. ಸ್ಥಳೀಯ ಅನುಭವ, ಮಗುವಿನ ಲೋಕ, ಬಹುಭಾಷಿಕ ಪರಿಸರ ಎಂದೆಲ್ಲ ಎರಡು ಪುಟ. ಅಡಿಯಲ್ಲಿ ನನ್ನ ಹೆಸರು. 'ದೊಡ್ಡಿಯ ಶಾಲೆಯೊಂದರಲ್ಲಿ ಈ ವಿಧಾನವನ್ನು ರೂಪಿಸಲಾಯಿತು' ಎಂಬ ಒಂದು ವಾಕ್ಯ ಅದರಲ್ಲಿತ್ತು. ಯಾರು ರೂಪಿಸಿದರು ಎಂಬುದನ್ನು ವ್ಯಾಕರಣವೇ ನುಂಗಿಕೊಂಡಿತು.

ಮಾರ್ಚಿನ ಕೊನೆಯ ಅಳತೆ. ಇಲ್ಲಿಂದ ನನ್ನ ನೆನಪು ಎರಡಾಗುತ್ತದೆ.

ಮೊದಲನೆಯದು, ನಾನು ಮೂರು ವರ್ಷದಿಂದ ತರಬೇತಿಗಳಲ್ಲಿ ಹೇಳಿಕೊಂಡು ಬಂದದ್ದು. ಹೀಗೆ: ಅಂದು ಮಳೆ. ವರಾಂಡದಲ್ಲಿ ಹುಡುಗಿ ಮೊದಲ ಕಾರ್ಡನ್ನು ಸರಾಗವಾಗಿ ಓದಿದಳು. ನನಗೆ ಅನುಮಾನ ಬಂತು. ಎರಡನೆಯ ಕಾರ್ಡು ಕೊಟ್ಟೆ. ತಡವರಿಸಿದಳು. ಆದರೆ ಮೂರು ಪದಗಳನ್ನು ತಾನೇ ಓದಿದಳು, ನಿಜವಾದ ಓದು. ಆ ಮೂರು ಪದಗಳು ನನ್ನ ವೃತ್ತಿಯ ದೊಡ್ಡ ಪಾಠ. ಇಷ್ಟು ಹೇಳಿ ನಾನು ಸ್ವಲ್ಪ ನಿಲ್ಲಿಸುತ್ತಿದ್ದೆ. ಶಿಕ್ಷಕರು ತಲೆದೂಗುತ್ತಿದ್ದರು. ಕೆಲವರು ಬರೆದುಕೊಳ್ಳುತ್ತಿದ್ದರು.

ಝೆರಾಕ್ಸ್ ಅಂಗಡಿಯ ಮರುದಿನ, ರಾಯಚೂರಿನ ತರಬೇತಿಯಲ್ಲಿಯೂ ಇದನ್ನೇ ಹೇಳಿದೆ. ಮಳೆಯ ಬಗ್ಗೆ ಅನುಮಾನ ಹುಟ್ಟಿದ್ದರಿಂದ ಮಳೆಯನ್ನು ಮಾತ್ರ ಬಿಟ್ಟೆ. ಚಹಾದ ಬಿಡುವಿನಲ್ಲಿ ಹಿಂದಿನ ಬೆಂಚಿನಿಂದ ಒಬ್ಬರು ಎದ್ದು ಬಂದರು. ಶಾಂತಮ್ಮ ಟೀಚರ್. ಈಗ ಸಿರವಾರದ ಕಡೆ ಕಾಯಂ ಶಿಕ್ಷಕಿ. ಕನ್ನಡಕ ಬಂದಿತ್ತು.

"ಸರ, ಮೊದ್ಲ ಮಳಿ ಅಂತಿದ್ರಂತಲ್ರಿ? ಹೋದ ಸಲದ ತರಬೇತಿಗಿ ಹೋದವ್ರು ಹೇಳಿದ್ರು."

"ಮಳಿ ಇರ್ಲಿಲ್ಲಲ್ರಿ ಟೀಚರ್?"

"ಅಂಥಾ ಬಿಸಲಾಗ ಎಲ್ಲಿ ಮಳಿ? ತಗಡು ಕಾದು ಚಟಪಟ ಅಂತಿತ್ತು. ಅದನ್ನೇ ಮಳಿ ಮಾಡಿರಬೇಕು ನೀವು." ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ಮಳಿ ಹೋಗ್ಲಿ ಬಿಡ್ರಿ. ಆದ್ರ ಎರಡನೇ ಕಾರ್ಡು ನೀವು ಕೊಡ್ಲೇ ಇಲ್ಲ. ನಾನು ತೆಗದು ನಿಮ್ಮ ಮುಂದ ಹಿಡದೆ. ನೀವು 'ಸಾಕು ಬಿಡ್ರಿ ಟೀಚರ್' ಅಂದ್ರಿ."

 ಹೇಳಲು ನನ್ನ ಬಳಿ ಬೇಕಾದಷ್ಟಿತ್ತು: ನೆನಪು ಎಂಬುದೇ ಒಂದು ಕಟ್ಟುಕತೆ, ಇಬ್ಬರು ಸಾಕ್ಷಿಗಳ ನಡುವೆ ಸತ್ಯ ಜಾರುತ್ತದೆ, ಇತ್ಯಾದಿ. ಹೈದರಾಬಾದಿನಲ್ಲಿ ಕಲಿತ ಮಾತುಗಳು. ಟೀಚರ ಮುಖ ನೋಡಿ ಅವನ್ನೆಲ್ಲ ಕೈಬಿಟ್ಟೆ. ಯಾಕೆಂದರೆ ಅವರು ಹೇಳುತ್ತಿದ್ದ ಹಾಗೆಯೇ ಎರಡನೆಯ ನೆನಪು, ಅಷ್ಟು ದಿನ ಅಡಿಯಲ್ಲಿ ಬಿದ್ದದ್ದು, ಮೇಲೆದ್ದು ಬರುತ್ತಿತ್ತು.

ಮಕ್ಕಳನ್ನು ಒಬ್ಬೊಬ್ಬರಾಗಿ, ಉಳಿದವರಿಗೆ ಕೇಳದ ಹಾಗೆ ಓದಿಸಬೇಕು. ಎರಡು ಕಾರ್ಡುಗಳನ್ನು ಸರದಿಯಲ್ಲಿ ಬದಲಿಸಬೇಕು. ಮೊದಲ ಮಗುವಿಗೆ ಮೊದಲನೆಯದು, ಎರಡನೆಯ ಮಗುವಿಗೆ ಎರಡನೆಯದು. ಇದು ನಿಯಮ. ಅಂದು ಒಂದು ಕೋಣೆಯಲ್ಲಿ ಸಣ್ಣ ಮಕ್ಕಳ ಪರೀಕ್ಷೆ, ಇನ್ನೊಂದರಲ್ಲಿ ಬಿಸಿಯೂಟದ ಅಕ್ಕಿ ಚೀಲಗಳು ಮತ್ತು ಉಸಿರು ಕಟ್ಟುವ ಸೆಕೆ. ನಾನು ವರಾಂಡದ ಒಂದು ತುದಿಯಲ್ಲಿ ಮೇಜು ಹಾಕಿಸಿಕೊಂಡೆ. ಸರದಿಗಾಗಿ ಕಾಯುವ ಮಕ್ಕಳು ಅದೇ ಗೋಡೆಗೆ ಒರಗಿ ಕೂತರು. ಎರಡನೆಯ ಕಾರ್ಡು ಎಲ್ಲೋ ಹಾಜರಿ ಪುಸ್ತಕದ ಕೆಳಗೆ ಸೇರಿಕೊಂಡಿತು. ಸಂಜೆಯೊಳಗೆ ಪಟ್ಟಿ ರಾಯಚೂರಿಗೆ ಮುಟ್ಟಬೇಕಿತ್ತು. ಹುಡುಕಲಿಲ್ಲ.

ಮೊದಲ ಕಾರ್ಡಿನಲ್ಲಿ ಒಂದು ಕರಿ ಮೇಕೆಯ ಕಥೆ. ಅದು ಗುಡ್ಡ ಹತ್ತುತ್ತದೆ, ದಾರಿ ತಪ್ಪುತ್ತದೆ, ಮನೆಗೆ ಬರುತ್ತದೆ. ಮೊದಲು ಬಂದ ಹುಡುಗ ಚೆನ್ನಾಗಿಯೇ ಓದಿದ, ಅವಸರದಲ್ಲಿ ಮೂರನೆಯ ಸಾಲನ್ನು ಹಾರಿಸಿಬಿಟ್ಟ. ಅವನ ನಂತರ ಬಂದವರಲ್ಲಿ ಕೆಲವರು ಆ ಸಾಲನ್ನು ಓದಿದರು, ಕೆಲವರು ಹಾರಿಸಿದರು. ಹಾರಿಸಿದವರು ಕಾರ್ಡನ್ನು ಓದುತ್ತಿಲ್ಲ, ಗೋಡೆಗೆ ಒರಗಿ ಕೇಳಿದ್ದನ್ನು ಒಪ್ಪಿಸುತ್ತಿದ್ದಾರೆ ಎಂದು ನನಗೆ ಹೊಳೆದಿತ್ತೇ? ಅಂದೇ ಹೊಳೆದಿತ್ತು. ಇದೊಂದು ವಿಷಯದಲ್ಲಿ ನಾನು ನನಗೆ ಅನುಮಾನದ ಲಾಭ ಕೊಡಲಾರೆ.

ಹುಲಿಗೆಮ್ಮ ಎಲ್ಲರಿಗಿಂತ ಕೊನೆಗೆ, ಒಂದು ಗಂಟೆಯ ಹೊತ್ತಿಗೆ ಕೂತಳು. ಅದು ಮೆಣಸಿನಕಾಯಿ ಬಿಡಿಸುವ ಕಾಲ. ಹೊಲದಿಂದ ಬಂದು ಒಂದೂವರೆ ತಾಸು ಗೋಡೆಗೆ ಒರಗಿ ಕಾದಿದ್ದಳು. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡಿದ್ದರಿಂದ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಕಾರ್ಡು ಹಿಡಿದಳು. ಅಷ್ಟರಲ್ಲಿ ನನ್ನ ಫೋನು ಬಡಿಯಿತು.

"ಎಷ್ಟಾತ್ರಿ?" ಸಂಯೋಜಕರ ದನಿ.

"ಒಬ್ಬಾಕಿ ಉಳದಾಳ್ರಿ."

"ಉಳಿದವ್ರೆಲ್ಲಾ ಕಥಿ ಮಟ್ಟ? ಭಾರಿ ಆತಲ್ರಿ! ಒಬ್ಬಾಕಿ ಸಲುವಾಗಿ ನೂರಕ್ಕ ನೂರು ಕೆಡಸಬ್ಯಾಡ್ರಿ ಮತ್ತ" ಎಂದು ನಕ್ಕರು. ತಮಾಷೆಗೇ ಅಂದದ್ದು. ಅವರ ಮೇಲೆ ಹೊರಿಸಿ ನಾನು ಪಾರಾಗಲಾರೆ.

ಅವಳು ಓದಿದಳು. ನಿಲ್ಲದೆ, ತಡವರಿಸದೆ, ಬೆರಳಿಡದೆ. ಬೆರಳಿಡದೆ ಎಂಬುದೇ ಸಾಕಿತ್ತು. ಜನವರಿಯವರೆಗೆ ಬೆರಳಿಲ್ಲದೆ ಒಂದು ಪದ ದಾಟದವಳು. ಮೂರನೆಯ ಸಾಲು ಬರಲಿಲ್ಲ. ಕಣ್ಣು ಕಾರ್ಡಿನ ಮೇಲಿರಲಿಲ್ಲ, ನನ್ನ ಪೆನ್ನಿನ ಮೇಲಿತ್ತು. ಮೆಣಸಿನಕಾಯಿಯ ಉರಿಗೆ ಕಣ್ಣು ನಿಲ್ಲುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಗ ಟೀಚರ್ ಹಾಜರಿ ಪುಸ್ತಕ ಎತ್ತಿ, ಎರಡನೆಯ ಕಾರ್ಡು ಹುಡುಕಿ, ನನ್ನ ಮುಂದೆ ಹಿಡಿದರು.

ಅಷ್ಟು ಹೊತ್ತಿಗೆ ನನ್ನೊಳಗೆ ಹಳೆಯ ನಗು ಎದ್ದಿತ್ತು. ಈ ಅಳತೆಗೆ ಏನು ಅರ್ಥ? ನಾಲ್ಕು ಖಾನೆ, ಒಂದು ಗುರುತು. ಇಲ್ಲಿ ಹಾಕಿದರೇನು, ಅಲ್ಲಿ ಹಾಕಿದರೇನು. ಅಳತೆಯೇ ಸುಳ್ಳು ಎಂದು ನಂಬಿದವನಿಗೆ ಸುಳ್ಳು ಅಳತೆ ಬರೆಯುವುದು ಬಹಳ ಸುಲಭ. 'ಕಥೆ' ಎಂಬ ಖಾನೆಯಲ್ಲಿ ಗುರುತು ಹಾಕಿದೆ. "ಸಾಕು ಬಿಡ್ರಿ ಟೀಚರ್."

ಅಂದೇ ಸಂಜೆ ದೇವದುರ್ಗಕ್ಕೆ ಮರಳುವ ದಾರಿಯಲ್ಲಿ ದುರುಗಮ್ಮನ ಮನೆಯ ಮುಂದೆ ಬೈಕು ನಿಲ್ಲಿಸಿ, ಇಳಿಯದೆಯೇ, "ಓದ್ತಾಳ ಯಕ್ಕಾ" ಎಂದೆ. ಆಕೆ ಒಳಗೆ ಓಡಿ, ಮುಷ್ಟಿಯಲ್ಲಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ಇಡೀ ದಿನ ಮೆಣಸಿನಕಾಯಿ ಬಿಡಿಸಿದ ಬೆರಳು. ದೇವದುರ್ಗ ಮುಟ್ಟುವವರೆಗೆ ನನ್ನ ತುಟಿ ಉರಿಯುತ್ತಿತ್ತು. ಈ ನೆನಪನ್ನು ಯಾವ ಸಾಕ್ಷಿಯೂ ಇಲ್ಲದೆ ನಂಬುತ್ತೇನೆ.

ಜೂನಿನಲ್ಲಿ ನನಗೆ ತರಬೇತಿ ವಿಭಾಗಕ್ಕೆ ಬಡ್ತಿಯಾಯಿತು. ತಾಯಿ-ಮರಿಯ ಎರಡು ಪುಟವೇ ಅದಕ್ಕೆ ಕಾರಣ. ದೊಡ್ಡಿಯ ಕಡೆ ಮತ್ತೆ ಹೋಗಲಿಲ್ಲ.

"ಮುಂದೇನಾತ್ರಿ ಟೀಚರ್?" ಎಂದು ತರಬೇತಿಯ ಕಿಟಕಿಯ ಬಳಿ ನಿಂತು ಕೇಳಿದೆ.

"ಏನಾಗಬೇಕ್ರಿ? ಅವ್ವ ಕೈ ಹಿಡಕೊಂಡು ಹೋಗಿ ಆರನೇತ್ತಕ್ಕ ಹಚ್ಚಿದ್ಲು. ಅಲ್ಲೂ ಓದು ಬರದವ್ರಿಗಿ ಬ್ಯಾರೆ ಗುಂಪು ಇತ್ತು. ಈಕಿ ಹೋಗಿ ಕುಂತ್ರ, 'ನಿನ್ನ ಹೆಸರು ಕಲಿತವ್ರ ಪಟ್ಟಿನ್ಯಾಗ ಅದ, ಏಳು' ಅಂತ ಎಬ್ಬಿಸಿದ್ರಂತ. ಕ್ಲಾಸಿನ್ಯಾಗ ಎದ್ದು ನಿಂತು ಓದು ಅಂದ್ರ ಬಾಯಿ ಬರ್ಲಿಲ್ಲ. ಮನಿಗಿ ಬಂದು ಅವ್ವಗ ಹೇಳ್ಯಾಳ: ಯವ್ವಾ, ನನಗ ಓದಾಕ ಬರಂಗಿಲ್ಲ, ಅವತ್ತು ಕೇಳಿ ಕೇಳಿ ಒಪ್ಪಿಸೀನಿ ಅಂತ."

"ಆಕಿ ಏನಂದ್ಲು?"

"ಹೊಡದ್ಲು. ಸರ ಸುಳ್ಳು ಹೇಳ್ತಾರೇನು, ನಿನಗ ಸಾಲಿ ಬ್ಯಾಸರಾಗ್ಯಾದ, ಅದಕ್ಕ ಬಣ್ಣ ಕಟ್ಟಾಕತ್ತಿ ಅಂದ್ಲು." ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. "ದಸರಾ ತನಕ ಹೋದ್ಲು. ಆಮ್ಯಾಲ ಹೊಲ."

"ನೀವರ ಆಕಿ ಅವ್ವಗ ಹೇಳ್ಬೇಕಿತ್ತಲ್ರಿ?"

"ನಾನು ಅತಿಥಿ ಇದ್ದೆ ಸರ. ನಿಮ್ಮ ಗುರ್ತು ತಪ್ಪು ಅದ ಅಂತ ಹೇಳಿದ್ರ ಮರುವರ್ಷ ನನ್ನ ಕರೀತಿದ್ರೇನು?" ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನ್ನ ಪ್ರಶ್ನೆಯನ್ನು ಇನ್ನಷ್ಟು ಹೊಲಸು ಮಾಡಿತು.

ಅಂದು ಸಂಜೆಯ ಬಸ್ಸಿಗೆ ಮಾನ್ವಿಗೆ ಹೋದೆ. ಟ್ರಂಕಿನಿಂದ ಆ ವರ್ಷದ ಡೈರಿ ತೆಗೆದೆ. ಟೀಚರ್ ತಪ್ಪು, ನಾನು ಸರಿ ಎಂಬ ಒಂದು ಸಾಲಾದರೂ ಸಿಕ್ಕೀತೆಂಬ ಆಸೆ. ತಾಯಿ-ಮರಿಯ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಮಾರ್ಚಿನ ಆ ದಿನದ ಪುಟದಲ್ಲಿ ಒಂದೇ ಸಾಲು: 'ದೊಡ್ಡಿ ಶಾಲೆ ಮುಗಿಯಿತು. ಸೆಕೆ.' ಅವ್ವ ಬಾಗಿಲಲ್ಲಿ ನಿಂತು, "ಏನ್ ಹುಡುಕಾಕತ್ತಿಯೋ?" ಎಂದಳು. ಮಳೆ ಎನ್ನಬೇಕೆನಿಸಿತು. ಏನಿಲ್ಲ ಎಂದೆ.

ಮರುದಿನ ಬೆಳಿಗ್ಗೆ ಗೆಳೆಯನ ಬೈಕು ಪಡೆದು ದೊಡ್ಡಿಗೆ ಹೋದೆ. ಚೀಲದಲ್ಲಿ ತರಬೇತಿಯ ಮಾಡ್ಯೂಲು, ಹೊಸ ಕಾರ್ಡುಗಳು ಹಾಗೆಯೇ ಇದ್ದವು. ಹತ್ತಿ ಹೊಲಗಳಲ್ಲಿ ಹುಡುಗಿಯರ ಸಾಲುಗಳು ಬಗ್ಗಿ ನಡೆಯುತ್ತಿದ್ದವು. ದುರುಗಮ್ಮ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಯಪ್ಪಾ, ಸರ ಬಂದಾರ! ಬರ್ರಿ, ನೆಳ್ಳಿಗಿ ಕುಂದರ್ರಿ." ಕಂಬಳಿ ಹಾಸಿದಳು. ನೀರು ಕೊಟ್ಟಳು. ಕೇಳದೆಯೇ ಮಗಳ ದೂರು ಶುರು ಮಾಡಿದಳು. "ನೀವು ಅಷ್ಟು ಕಷ್ಟಪಟ್ಟು ಕಲಿಸಿದ್ರಿ. ಈಕಿ ಸೊಕ್ಕು ಮಾಡಿ ಬಿಟ್ಲು ನೋಡ್ರಿ. ಬಂದ ಓದು ಕಳಕೊಂಡ್ಲು. ಈಗ ಹೊಲದಾಗ ಹುಡುಗ್ಯಾರ್ಗೆಲ್ಲಾ ಮುಂದ ನಿಂತು ಕೆಲಸ ಹೇಳ್ತಾಳ, ಹೆಸ್ರು ಬರಕೊಳ್ಳಾಕ ಮಾತ್ರ ಇನ್ನೊಬ್ಬಾಕಿ ಬೇಕು."

ಅಷ್ಟರಲ್ಲಿ ಹುಲಿಗೆಮ್ಮ ಹೊಲದಿಂದ ಬಂದಳು. ಎತ್ತರವಾಗಿದ್ದಳು. ತಲೆಗೆ ಟವೆಲು ಸುತ್ತಿದ್ದಳು. ಬೆರಳ ತುದಿಗಳು ಹಳದಿ. ನನ್ನನ್ನು ನೋಡಿ ನಿಂತಳು. ಓಡಿ ಒಳಗೆ ಹೋಗಲಿಲ್ಲ, ನಮಸ್ಕಾರವನ್ನೂ ಮಾಡಲಿಲ್ಲ.

ಹೇಳಲೇಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳೆಲ್ಲ ಬಿದ್ದುಹೋದವು. ಉಳಿದದ್ದು ಇಷ್ಟು: "ಯಕ್ಕಾ, ಆ ವರ್ಷ ಈಕಿಗಿ ಓದಾಕ ಬರ್ತಿದ್ದಿಲ್ಲ. ನನಗ ಗೊತ್ತಿತ್ತು. ನಾನು ಸುಳ್ಳು ಹೇಳಿದೆ."

ದುರುಗಮ್ಮ ನನ್ನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

"ನೋಡಬೇ ಹುಲಿಗಿ, ಸರ ಎಂಥಾ ದೊಡ್ಡವ್ರು! ನಿನ್ನ ಮರ್ಯಾದಿ ಉಳಸಾಕ ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ತಾರ."

"ಇಲ್ಲ ಯಕ್ಕಾ. ಖರೇನ ಹೇಳಾಕತ್ತೀನಿ."

"ಸಾಕು ಬಿಡ್ರಿ ಸರ. ಇಷ್ಟು ಓದಿದವ್ರು ಸುಳ್ಳು ಹೇಳ್ತಾರೇನ್ರಿ? ಹೇಳಿದ್ರ ನಿಮಗೇನ್ ಬರ್ತಿತ್ತು?"

ನನಗೇನು ಬಂತು ಎಂಬುದರ ಉತ್ತರ ಚೀಲದೊಳಗಿತ್ತು. ತಾಯಿ-ಮರಿಯ ಪುಟ, ಅದರಡಿ ನನ್ನ ಹೆಸರು. ತೆಗೆದು ತೋರಿಸಿದರೂ ಆಕೆಗೆ ಓದಲು ಬರುತ್ತಿರಲಿಲ್ಲ. ಮಗಳಿಗೂ ಬರುತ್ತಿರಲಿಲ್ಲ. ಆಕೆ ನನ್ನ ಸುಳ್ಳನ್ನು ಒಂದು ಕ್ಷಣದಲ್ಲಿ ನಂಬಿದ್ದಳು. ನಿಜವನ್ನು ನಂಬಿಸಲು ನನ್ನ ಬಳಿ ಏನೂ ಇರಲಿಲ್ಲ. ನನ್ನ ಮೇಲಿನ ಆಕೆಯ ನಂಬಿಕೆಯೇ ಬಾಗಿಲಿಗೆ ಅಡ್ಡ ನಿಂತಿತ್ತು.

"ಚಾ ಮಾಡ್ತೀನಿ, ಕುಂದರ್ರಿ" ಎಂದು ಆಕೆ ಇನ್ನೂ ನಗುತ್ತಲೇ ಒಳಗೆ ಹೋದಳು.

ಹುಲಿಗೆಮ್ಮ ಟವೆಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೆರಳುಗಳ ಹಳದಿಯನ್ನು ಒಂದೊಂದಾಗಿ ಉಜ್ಜಿಕೊಳ್ಳುತ್ತ ಕೇಳಿದಳು:

"ಸರ, ಅವತ್ತು ಟೀಚರ್ ಒಂದು ಕಾರ್ಡು ತೆಗದಿದ್ರಲ್ರಿ. ಎರಡನೇದು. ಅದ್ರಾಗ ಏನ್ ಬರದಿತ್ರಿ?"

ಇಷ್ಟು ವರ್ಷ ಅವಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ನಾನು ಮೂರು ವರ್ಷ ಸಭೆಗಳಲ್ಲಿ ಅವಳ ಕೈಗೆ ಕೊಟ್ಟ ಕಾರ್ಡು, ಅವಳಿಂದ ಮೂರು ಪದ ಓದಿಸಿದ ಕಾರ್ಡು. ಅದರಲ್ಲಿ ಒಂದು ಮೇಕೆ ಇತ್ತೇ, ಬಸ್ಸಿತ್ತೇ, ಮಳೆ ಇತ್ತೇ? ಯಾವುದಾದರೂ ಒಂದು ಕಥೆ ಹೇಳಬಹುದಿತ್ತು. ನಾನು ಹೇಳಿದರೆ ಈ ಮನೆಯಲ್ಲಿ ನಂಬುತ್ತಾರೆ.

"ನೆನಪಿಲ್ಲ ಹುಲಿಗೆಮ್ಮ" ಎಂದೆ.

ಅವಳು ತಲೆಯಾಡಿಸಿದಳು, ಇಷ್ಟು ಮೊದಲೇ ಗೊತ್ತಿತ್ತು ಎನ್ನುವ ಹಾಗೆ. ಒಳಗಿನಿಂದ ಸಕ್ಕರೆ ಡಬ್ಬಿಯ ಸದ್ದು ಬಂತು.

"ಮೊದಲ್ನೇದು ನನಗ ಇನ್ನೂ ಪೂರಾ ನೆನಪದ್ರಿ" ಎಂದಳು. "ಒಂದು ಸಾಲೂ ಬಿಡಂಗಿಲ್ಲ ಅಂದ್ಕೊಂಡಿದ್ದೆ. ಒಂದು ಸಾಲು ಬಿಟ್ಟದಂತಲ್ರಿ? ಟೀಚರ್ ಹೇಳಿದ್ರು. ಅದ್ನರ ಹೇಳಿ ಹೋಗ್ರಿ."

ಆ ಸಾಲೂ ನನಗೆ ನೆನಪಿರಲಿಲ್ಲ.